ಗುರುವಾರ ಬರುತ್ತದೆ ಎಂದ ಮಾತು

ಚಿರಂಜೀವಿ ಪುಟ್ಟುವಿಗೆ ನಿನ್ನ ಅತ್ತೆ ಮಾಡುವ ಆಶೀರ್ವಾದಗಳು.

ನಿನ್ನ ಪತ್ರ ಕೈಸೇರಿ ನಾಲ್ಕು ದಿನಗಳಾದವು. ನರಸಾಪುರದ ಬಸ್ಸು, ಕಾರ್ಖಾನೆಯ ಕ್ಯಾಂಟೀನು, ಹೊಸ ಗೆಳೆಯರು ಎಲ್ಲವನ್ನೂ ಓದಿ ಸಂತೋಷಪಟ್ಟೆ. ಆದರೆ ಮೂರನೆಯ ಪುಟದ ಕೊನೆಯಲ್ಲಿ ನೀನು ಬರೆದ ಒಂದು ವಾಕ್ಯ ನನ್ನ ಮನಸ್ಸನ್ನು ಬಿಡುತ್ತಿಲ್ಲ. ಬೆಳಗಿನ ಸಭೆಯಲ್ಲಿ ಕನೆಕ್ಟರುಗಳು ಗುರುವಾರ ಬರುತ್ತವೆ ಎಂದು ಹೇಳಿಬಿಟ್ಟೆ, ಬರುವುದಿಲ್ಲವೆಂದು ನನಗೆ ಗೊತ್ತಿತ್ತು, ಅಷ್ಟು ಜನರ ಮುಂದೆ ಬೇರೆ ಮಾತು ಬಾಯಿಗೆ ಬರಲಿಲ್ಲ ಎಂದು ಬರೆದಿದ್ದೀಯೆ. ಮುಂದಿನ ಸಾಲಿನಲ್ಲೇ ರೂಮಿನ ಬಾಡಿಗೆಯ ವಿಷಯಕ್ಕೆ ಹೊರಳಿದ್ದೀಯೆ. ನೀನು ಅಷ್ಟು ಬೇಗ ಹೊರಳಿದ್ದೇ ನನಗೆ ಹೆಚ್ಚು ಕಳವಳ ತಂದಿತು.

ಸಾಮಾನು ಕೊರತೆ ಬಿದ್ದುದಕ್ಕೆ ನಾನು ಗಾಬರಿಯಾಗಿಲ್ಲ. ಒಂದು ಎಲೆಕ್ಟ್ರಾನಿಕ್ ಬೋರ್ಡಿಗೆ ನೂರು ಬಗೆಯ ಬಿಡಿಭಾಗ ಬೇಕಾಗಿ, 99 ಸಿದ್ಧವಿದ್ದು, ಕೆಲವೇ ರೂಪಾಯಿ ಬೆಲೆಯ ಒಂದು ಇಲ್ಲದೆ ಇಡೀ ಲೈನು ನಿಂತುಹೋಗುವುದನ್ನು ಪ್ಲಾನಿಂಗ್ ವಿಭಾಗದಲ್ಲಿ ಕುಳಿತವರೆಲ್ಲ ಒಂದಲ್ಲ ಒಂದು ದಿನ ಕಂಡೇ ಇರುತ್ತಾರೆ. ಗೊತ್ತಿದ್ದೂ ‘ಬರುತ್ತದೆ’ ಎನ್ನುವುದು ನಿನಗೆ ಅಭ್ಯಾಸವಾಗಿಬಿಟ್ಟರೆ ಏನು ಗತಿ ಎಂಬುದೊಂದೇ ನನ್ನ ಹೆದರಿಕೆ. ಏಕೆಂದರೆ ನನಗೆ ಅದು ಅಭ್ಯಾಸವಾಗಿತ್ತು. ಈ ಸಂಗತಿಯನ್ನು ನಾನು ಮನೆಯಲ್ಲಿ ಯಾರಿಗೂ ಹೇಳಿಲ್ಲ, ನಿನ್ನ ಅಪ್ಪನಿಗೂ ಗೊತ್ತಿಲ್ಲ.

1991ರ ಬೇಸಿಗೆ ಅದು. ದೇಶದಲ್ಲಿ ವಿದೇಶಿ ವಿನಿಮಯ ಬರಿದಾಗಿ, ಆಮದಿಗೆ ಎಲ್.ಸಿ., ಅಂದರೆ ಹಣ ಪಾವತಿಗೆ ಬ್ಯಾಂಕು ಕೊಡುವ ಭರವಸೆಪತ್ರ, ತೆರೆಯಬೇಕಾದರೆ ಸಾಮಾನಿನ ಬೆಲೆಯನ್ನೂ ಮೀರಿದ ನಗದನ್ನು ಮೊದಲೇ ಬ್ಯಾಂಕಿನಲ್ಲಿ ಇಡಬೇಕೆಂಬ ನಿಯಮ ಬಂದಿತ್ತು. ಪೀಣ್ಯದಲ್ಲಿ ನಾನಿದ್ದ ಕಾರ್ಖಾನೆ ಲೇತುಗಳನ್ನು ತಯಾರಿಸುತ್ತಿತ್ತು. ಅವುಗಳ ತಿರುಗುವ ಅಚ್ಚನ್ನು ಹಿಡಿದಿಡುವ ಸ್ಪಿಂಡಲ್ ಬೇರಿಂಗುಗಳು ಹೊರದೇಶದಿಂದಲೇ ಬರಬೇಕಾಗಿದ್ದವು. ಎಲ್.ಸಿ. ಇನ್ನೂ ತೆರೆದೇ ಇಲ್ಲವೆಂದು ಖರೀದಿ ವಿಭಾಗದವರು ನನಗೆ ಶನಿವಾರ ಸಂಜೆ ಹೇಳಿದ್ದರು. ಸೋಮವಾರದ ಸಭೆಯಲ್ಲಿ ಮ್ಯಾನೇಜರರು ನನ್ನತ್ತ ತಿರುಗಿ ಕೇಳಿದಾಗ, ಹದಿನೈದು ದಿನಗಳಲ್ಲಿ ಬರುತ್ತವೆ ಸಾರ್ ಎಂದುಬಿಟ್ಟೆ. ಆ ಸಭೆಯಲ್ಲಿದ್ದ ಹೆಂಗಸು ನಾನೊಬ್ಬಳೇ ಆಗಿದ್ದೆ, ಅಷ್ಟು ಜನರ ನಡುವೆ ಇಲ್ಲವೆನ್ನಲು ನಾಲಗೆ ಏಳಲಿಲ್ಲ. ಇದನ್ನು ನೆಪವೆಂದು ಹೇಳುತ್ತಿಲ್ಲ, ನಡೆದದ್ದನ್ನು ಹೇಳುತ್ತಿದ್ದೇನೆ.

ನನ್ನ ಮಾತನ್ನು ನಂಬಿ ಆರು ಯಂತ್ರಗಳ ಜೋಡಣೆ ಶುರುವಾಯಿತು. ಹದಿನೈದು ದಿನ ಕಳೆದು ಒಂದು ತಿಂಗಳಾದರೂ ಬೇರಿಂಗುಗಳಿಲ್ಲದೆ ಆರೂ ಯಂತ್ರಗಳು ಶಾಪಿನ ನಡುವೆ ಅರ್ಧಂಬರ್ಧ ನಿಂತವು. ಸ್ಟೋರಿನಲ್ಲಿ ದಾಸ್ತಾನಿನ ಲೆಕ್ಕ ಬರೆದಿಡುವ ಬಿನ್ ಕಾರ್ಡಿನಲ್ಲಿ ನಾಲ್ಕು ಸೆಟ್ಟುಗಳಿವೆ ಎಂದಿತ್ತು. ಹೋಗಿ ನೋಡಿದರೆ ಎರಡೇ ಇದ್ದವು. ಉಳಿದೆರಡನ್ನು ಯಾವುದೋ ರಿಪೇರಿಗೆಂದು ಸರ್ವಿಸ್ ವಿಭಾಗದವರು ಚೀಟಿಯಿಲ್ಲದೆ ಒಯ್ದಿದ್ದರು. ಅಷ್ಟು ಸಾಕಾಯಿತು. ತಡವಾದದ್ದಕ್ಕೆಲ್ಲ ಸ್ಟೋರ್ ಕೀಪರೇ ಕಾರಣವೆಂದು ತೀರ್ಮಾನವಾಗಿ, ಅವರ ಆ ವರ್ಷದ ಇನ್‌ಕ್ರಿಮೆಂಟು ನಿಂತುಹೋಯಿತು. ಎರಡು ಸೆಟ್ಟಿನ ತಪ್ಪು ಅವರದಿರಬಹುದು. ಉಳಿದ ನಾಲ್ಕು ಯಂತ್ರಗಳ ತಪ್ಪು ನನ್ನದು. ನಾನು ತಲೆ ತಗ್ಗಿಸಿ ಕುಳಿತಿದ್ದೆ. ಎಷ್ಟೋ ವರ್ಷಗಳ ನಂತರ ಯಶವಂತಪುರದ ಮಾರುಕಟ್ಟೆಯಲ್ಲಿ ಅವರು ಸಿಕ್ಕಿ, ಚೆನ್ನಾಗಿದ್ದೀರೇನಮ್ಮ ಎಂದು ಕೇಳಿ, ನನ್ನ ಕೈಚೀಲವನ್ನು ಬಸ್ ಸ್ಟಾಪಿನವರೆಗೆ ತಂದುಕೊಟ್ಟರು. ಆಗಲೂ ನಾನು ಹೇಳಲಿಲ್ಲ.

ನಿನ್ನ ಗುರುವಾರದ ಮಾತನ್ನು ಓದಿದಾಗ ಮೊದಲು ನೆನಪಾದದ್ದು ಆ ಕೈಚೀಲ. ನಿನ್ನ ಮಾತನ್ನು ನಂಬಿ ಲೈನಿಗೆ ಯಾರು ಜನರನ್ನು ಹೊಂದಿಸಿರುತ್ತಾರೆ, ಕನೆಕ್ಟರು ಬಾರದಿದ್ದಾಗ ಬೈಗುಳ ಯಾರ ಮೇಲೆ ಬೀಳುತ್ತದೆ ಎಂಬುದನ್ನು ನೀನು ಬರೆದಿಲ್ಲ.

ಈಗ ನಿಮಗೆ ಲೆಕ್ಕ ಮಾಡಲು ಕಂಪ್ಯೂಟರಿದೆ. ನಮ್ಮ ಕಾಲದ ಬುದ್ಧಿ ನಿನಗೆಷ್ಟು ಉಪಯೋಗವೋ ತಿಳಿಯದು. ಆದರೂ ನಿವೃತ್ತಿಗೆ ಮುಂಚಿನ ಕೆಲವು ವರ್ಷ ನಾನೂ ಅದರಲ್ಲಿ ಎಂ.ಆರ್.ಪಿ., ಅಂದರೆ ಯಾವ ಸಾಮಾನು ಎಷ್ಟು, ಯಾವಾಗ ಬೇಕೆಂದು ಹೇಳುವ ಲೆಕ್ಕ, ಓಡಿಸಿದವಳು, ಹಾಗಾಗಿ ಒಂದೆರಡು ಮಾತು ಹೇಳುತ್ತೇನೆ. ಬರಬೇಕಾದ ದಿನ ದಾಟಿಹೋದ ಆರ್ಡರನ್ನು ಹಾಗೆಯೇ ಬಿಟ್ಟರೆ, ಅದು ಇವತ್ತೋ ನಾಳೆಯೋ ಬಂದೇಬರುತ್ತದೆ ಎಂದುಕೊಂಡು ಯಂತ್ರ ಲೆಕ್ಕ ಹಾಕುತ್ತದೆ, ಕೊರತೆಯ ಪಟ್ಟಿಯಲ್ಲಿ ಆ ಸಾಮಾನಿನ ಹೆಸರೇ ಕಾಣಿಸುವುದಿಲ್ಲ. ನೀನು ಸಭೆಯಲ್ಲಿ ಮಾಡಿದ್ದನ್ನೇ ಅದು ಪರದೆಯ ಮೇಲೆ ಮಾಡುತ್ತದೆ. ಸಪ್ಲೈಯರಿಗೆ ನೀನೇ ಫೋನು ಮಾಡಿ ನಿಜವಾದ ತಾರೀಖು ಕೇಳಿ, ಅದು ಎಷ್ಟೇ ದೂರವಿದ್ದರೂ ಅದನ್ನೇ ನಮೂದಿಸು. ಪಟ್ಟಿ ಉದ್ದವಾಗುತ್ತದೆ, ಆಗಲಿ.

ಆ ಕನೆಕ್ಟರು ಎರಡು ಮಾದರಿಗಳಿಗೆ ಬೇಕೆಂದು ಬರೆದಿದ್ದೀಯೆ. ಸ್ಟೋರಿನಲ್ಲಿ 3,000 ಇದ್ದು, ಎರಡು ಮಾದರಿಗಳಿಗೂ ತಲಾ 2,000 ಬೇಕಾದರೆ, ಇಬ್ಬರು ಪ್ಲಾನರುಗಳೂ ತಮ್ಮ ತಮ್ಮ ಹಾಳೆ ನೋಡಿ ಸಾಲುತ್ತದೆ ಎಂದೇ ಹೇಳುತ್ತಾರೆ. 1,000 ಕಡಿಮೆ ಇರುವುದು ಎರಡು ಹಾಳೆಗಳನ್ನು ಪಕ್ಕಪಕ್ಕ ಇಟ್ಟು ಕೂಡಿದಾಗ ಮಾತ್ರ ತಿಳಿಯುತ್ತದೆ. ಬಹುಶಃ ನಿನಗೆ ಇದು ಗೊತ್ತೇ ಇರುತ್ತದೆ. ಲೈನಿನಲ್ಲಿ ರಿಜೆಕ್ಟ್ ಆದದ್ದನ್ನು ಅಂದೇ ಬರೆಯುತ್ತಾರೆಯೇ ಎಂದೂ ಒಮ್ಮೆ ವಿಚಾರಿಸು. ಡಬ್ಬಿಯನ್ನು ನಿನ್ನ ಕೈಯಿಂದಲೇ ತೆರೆದು ಎಣಿಸು. ಎಲ್ಲ ಭಾಗಗಳೂ ಕೂಡಿಬರುವ ಮೊದಲು ಜೋಡಣೆ ಶುರುಮಾಡಿ ಎಂದು ಯಾರಾದರೂ ಒತ್ತಾಯಿಸಿದರೆ ಒಪ್ಪಬೇಡ ಎಂದು ಹೇಳಲು ಮನಸ್ಸಾಗುತ್ತದೆ, ಆದರೆ ತಿಂಗಳ ಕೊನೆಯಲ್ಲಿ ಅದು ನಿನ್ನ ಕೈಯಲ್ಲಿರುವುದಿಲ್ಲ ಎಂಬುದೂ ನನಗೆ ಗೊತ್ತು.

ಜಪಾನಿನಲ್ಲಿ 1997ರ ಫೆಬ್ರವರಿ 1ರಂದು ನಡೆದ ಸಂಗತಿಯನ್ನು ನಾನು ಆಗಾಗ ನೆನೆಯುತ್ತೇನೆ. ಕರಿಯಾ ಎಂಬಲ್ಲಿದ್ದ ಐಸಿನ್ ಕಾರ್ಖಾನೆಗೆ ಬೆಂಕಿ ಬಿದ್ದು, ಟೊಯೊಟಾ ಕಾರುಗಳ ಬ್ರೇಕಿಗೆ ಬೇಕಾದ ಒಂದು ಸಣ್ಣ ವಾಲ್ವ್ ಬರುವುದು ನಿಂತುಹೋಯಿತು. ಆ ವಾಲ್ವನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಅದೊಂದೇ ಕಾರ್ಖಾನೆ ಒದಗಿಸುತ್ತಿತ್ತು, ಟೊಯೊಟಾದ ಬಳಿ ದಾಸ್ತಾನು ಇಲ್ಲವೆನ್ನುವಷ್ಟು ಕಡಿಮೆಯಿತ್ತು, ಹೀಗಾಗಿ ಅದರ ಲೈನುಗಳೇ ನಿಂತವು. ಐಸಿನ್ ಏನನ್ನೂ ಮುಚ್ಚಿಡದೆ, ತಡಮಾಡದೆ ಎಲ್ಲರ ನೆರವು ಕೇಳಿ, ವಾಲ್ವಿನ ಡ್ರಾಯಿಂಗುಗಳನ್ನೇ ಹಂಚಿತು. ಹೊಲಿಗೆ ಯಂತ್ರ ತಯಾರಿಸುವ ಬ್ರದರ್ ಕಂಪನಿಯವರು ಕೂಡ ಕೈಜೋಡಿಸಿದರು, ಸುಮಾರು ಒಂದು ವಾರದಲ್ಲಿ ಲೈನುಗಳು ಮತ್ತೆ ನಡೆದವು. ನಾನೂ ಆ ಸೋಮವಾರ ಬಾಯಿಬಿಟ್ಟಿದ್ದರೆ ಎರಡು ಸೆಟ್ಟಿನಲ್ಲಿ ಎರಡು ಯಂತ್ರಗಳನ್ನಾದರೂ ಮುಗಿಸಿ, ಉಳಿದ ಜನರನ್ನು ಬೇರೆ ಕೆಲಸಕ್ಕೆ ಹಾಕಬಹುದಾಗಿತ್ತು. ಅಷ್ಟು ಸರಳವಾದ ದಾರಿಯಿತ್ತು.

ಈ ಪತ್ರ ನಿನಗೆ ತಲುಪುವಾಗ ಆ ಗುರುವಾರ ಕಳೆದಿರುತ್ತದೆ. ಕನೆಕ್ಟರು ಬಂದಿಲ್ಲವಾದರೆ ಬೆಳಗಿನ ಸಭೆಗೂ ಮುಂಚೆ ನಿಮ್ಮ ಲೈನ್ ಸೂಪರ್‌ವೈಸರನ್ನು ಒಬ್ಬರೇ ಇರುವಾಗ ಕಂಡು, ನನಗೆ ಮೊದಲೇ ಗೊತ್ತಿತ್ತು ಎಂದು ಹೇಳು. ಅವರು ಏನೆಂದರು ಎಂಬುದನ್ನು ನನಗೆ ಬರೆ. ಬಾಡಿಗೆಯ ವಿಷಯ ಆಮೇಲೆ ನೋಡೋಣ.

ಇಂತಿ,
ನಿನ್ನ ಅತ್ತೆ