ಖಾಲಿ ತೋಟಾ ಸಿಕ್ಕಿಕೊಂಡರೆ ಮಕ್ಕಳ ಕೈಯನ್ನು ದೂರಬೇಡಿ

ಸಂಪಾದಕರಿಗೆ ನಮಸ್ಕಾರ,

ಪಿಸ್ತೂಲು ಹಿಡಿದು ಗುರಿ ಹೊಡೆಯುವ ಶೂಟಿಂಗ್ ಆಟ ಕಲಿಯುವ ಮಕ್ಕಳು ನಮ್ಮ ಕರಾವಳಿಯಲ್ಲೂ ಇದ್ದಾರೆ. ಅವರ ಅಪ್ಪ ಅಮ್ಮ ಓದಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನನ್ನ ಮಗಳದ್ದು 25 ಮೀಟರ್ ಸ್ಪೋರ್ಟ್ ಪಿಸ್ತೂಲ್. ಪಾಯಿಂಟ್ ಟೂ ಟೂ ಅಳತೆಯ ಗುಂಡು, ಸೆಮಿ ಆಟೊಮ್ಯಾಟಿಕ್ (ಒಂದು ಹೊಡೆದರೆ ಮುಂದಿನದು ತಾನೇ ತುಂಬಿಕೊಳ್ಳುತ್ತದೆ), ಗುಂಡು ತುಂಬುವ ಮ್ಯಾಗಜಿನ್‌ಗೆ 5 ಗುಂಡು. ಕಳೆದ ಮಳೆಗಾಲದಲ್ಲಿ 50 ಗುಂಡಿಗೆ ಒಂದೋ ಎರಡೋ ಸಲ ಖಾಲಿ ತೋಟಾ, ಅಂದರೆ ಗುಂಡು ಹಾರಿದ ಮೇಲೆ ಉಳಿಯುವ ಚಿಪ್ಪು, ಹೊರಗೆ ಹಾರದೆ ಬೋಲ್ಟಿನ (ಹಿಂದೆ ಮುಂದೆ ಸರಿಯುವ ಭಾಗದ) ಬಾಯಲ್ಲಿ ನೆಟ್ಟಗೆ ನಿಂತುಬಿಡುತ್ತಿತ್ತು. ರೇಂಜಿನಲ್ಲಿ ಎಲ್ಲರದ್ದೂ ಒಂದೇ ಮಾತು, "ಹುಡುಗಿಯ ಕೈ ಸಡಿಲ." ಅವಳು ಅದನ್ನೇ ನಂಬಿ, ರಾತ್ರಿ ಊಟ ಆದ ಮೇಲೆ ನೀರು ತುಂಬಿದ ಬಾಟ್ಲಿ ಹಿಡಿದು ಕೈ ಚಾಚಿ ನಿಲ್ಲುತ್ತಿದ್ದಳು. ನೋಡಿದರೆ ಕರುಳು ಚುರ್ ಅನ್ನುತ್ತಿತ್ತು.

ಹಿಡಿತ ಸಡಿಲವಾದರೂ ಹೀಗಾಗುವುದುಂಟು, ಇಲ್ಲ ಅನ್ನುವುದಿಲ್ಲ. ಆದರೆ ಒಂದು ದಿನ ಕೋಚ್ ಅದೇ ಪಿಸ್ತೂಲಲ್ಲಿ ಹೊಡೆದಾಗಲೂ ತೋಟಾ ಸಿಕ್ಕಿತು. ಆಗ ನೆಲ ನೋಡಿದೆ. ಪಕ್ಕದ ಲೇನಿನ ತೋಟಾಗಳು ನಾಲ್ಕೈದು ಅಡಿ ಆಚೆ ಒಂದೇ ಕಡೆ ಬಿದ್ದಿದ್ದವು. ಇವಳದ್ದು ಕಾಲಬುಡದಲ್ಲೇ ಅಲ್ಲೊಂದು ಇಲ್ಲೊಂದು. ಅಂದರೆ ಸಿಕ್ಕಿಕೊಳ್ಳದ ತೋಟಾ ಕೂಡ ಜೋರಾಗಿ ಹಾರುತ್ತಿರಲಿಲ್ಲ, ಅಲ್ವಾ?

ಈ ಪಿಸ್ತೂಲು ಗುಂಡಿನ ಬಲದಿಂದಲೇ ಓಡುವಂಥದ್ದು. ಗುಂಡು ಮುಂದೆ ಹೋದ ಒತ್ತಡಕ್ಕೆ ಬೋಲ್ಟ್ ಹಿಂದೆ ಬರುತ್ತದೆ, ಎಕ್ಸ್‌ಟ್ರಾಕ್ಟರ್ ಎಂಬ ಪುಟ್ಟ ಕೊಕ್ಕೆ ತೋಟಾದ ಅಂಚು ಹಿಡಿದು ಎಳೆಯುತ್ತದೆ, ಹಿಂದಿರುವ ಎಜೆಕ್ಟರ್ ಎಂಬ ತಡೆಗೆ ಬಡಿದು ಅದು ಹೊರಗೆ ಹಾರುತ್ತದೆ. ಕೊಕ್ಕೆ ಜಾರಿದರೆ, ಬೋಲ್ಟ್ ನಿಧಾನವಾದರೆ ಕೆಲಸ ಕೆಟ್ಟಿತು. ಮ್ಯಾಗಜಿನ್ ತೆಗೆದು, ಚೇಂಬರ್, ಅಂದರೆ ಗುಂಡು ಕೂರುವ ಗೂಡು, ಖಾಲಿ ಇದೆಯೆಂದು ಎರಡು ಸಲ ನೋಡಿ, ಕೋಚ್ ಮುಂದೆಯೇ ಬಿಚ್ಚಿದೆವು. ಹಲ್ಲುಕಡ್ಡಿಯಿಂದ ಕೊಕ್ಕೆಯ ಸಂದು ಕೆರೆದರೆ ಎಳ್ಳುಕಾಳಿನಷ್ಟು ಕಪ್ಪು ಅಂಟು ಬಂತು. ಗುಂಡಿನ ಮೇಣ, ಮದ್ದಿನ ಮಸಿ, ಜೊತೆಗೆ ನಾವೇ ಹಾಕಿದ ಎಣ್ಣೆ. ಮಲ್ಪೆಯ ಉಪ್ಪುಗಾಳಿಗೆ, ಆಟಿಯ ತೇವಕ್ಕೆ ಎಲ್ಲಿ ತುಕ್ಕು ಹಿಡಿಯುತ್ತದೋ ಎಂದು ಹೆದರಿ ಜಾಸ್ತಿ ಎಣ್ಣೆ ಹಾಕಿದ್ದೆವು, ಅದೇ ಮಸಿಯನ್ನು ಹಿಡಿದಿಟ್ಟುಕೊಂಡಿತ್ತು. ಚೇಂಬರನ್ನು ಕಂಚಿನ ಬ್ರಷ್ಷಿನಿಂದ ಉಜ್ಜಿ, ಒಣಬಟ್ಟೆಯಲ್ಲಿ ಒರೆಸಿದೆವು. ಬೇರೆ ಏನನ್ನೂ ಬದಲಿಸಲಿಲ್ಲ, ಗುಂಡೂ ಅದೇ, ಮ್ಯಾಗಜಿನ್ನೂ ಅದೇ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ತಪ್ಪು ಎಲ್ಲಿತ್ತೆಂದು ಗೊತ್ತೇ ಆಗುವುದಿಲ್ಲ. ಮತ್ತೆ 200 ಗುಂಡು ಹೊಡೆದಳು. ಒಂದೂ ಸಿಕ್ಕಲಿಲ್ಲ.

ಆದರೆ ಅಷ್ಟರೊಳಗೆ ಒಂದು ಸ್ಪರ್ಧೆ ಮುಗಿದಿತ್ತು. ಅದರ ನೋವು ಇನ್ನೂ ಇದೆ. ಬೇಗ ಬೇಗ ಹೊಡೆಯುವ ರ್ಯಾಪಿಡ್ ಸುತ್ತಿನಲ್ಲಿ ಪ್ರತಿ ಗುಂಡಿಗೆ ಸಿಗುವುದು 3 ಸೆಕೆಂಡ್. ತೋಟಾ ಸಿಕ್ಕಿದ ಕೂಡಲೇ ಗಾಬರಿಯಲ್ಲಿ ತಾನೇ ಬೋಲ್ಟ್ ಎಳೆದಳು. ಎರಡು ಗುಂಡಿಗೆ ಸೊನ್ನೆ. ನಿಯಮದ ಪ್ರಕಾರ ಪಿಸ್ತೂಲಿನ ಬಾಯಿ ಗುರಿಯ ಕಡೆಗೇ ಇಟ್ಟು, ಬೋಲ್ಟ್, ಸೇಫ್ಟಿ ಯಾವುದನ್ನೂ ಮುಟ್ಟದೆ ಇನ್ನೊಂದು ಕೈ ಎತ್ತಬೇಕು. ಅಧಿಕಾರಿ ಬಂದು ನೋಡಿ ದೋಷ ಪಿಸ್ತೂಲಿನದ್ದೇ ಅಂದರೆ ಉಳಿದ ಗುಂಡು ಹೊಡೆಯಲು ಅವಕಾಶ ಇದೆ. ಮುಟ್ಟಿದರೆ ಇಲ್ಲ. ಇದನ್ನು ಅವಳಿಗೆ ಯಾರೂ ಹೇಳಿರಲಿಲ್ಲ, ನನಗೂ ಗೊತ್ತಿರಲಿಲ್ಲ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಮ್ಮ ದೇಶದ ಶೂಟರ್ ಮನು ಭಾಕರ್ ಅವರ ಏರ್ ಪಿಸ್ತೂಲೇ ಸ್ಪರ್ಧೆಯ ನಡುವೆ ಕೈಕೊಟ್ಟಿತ್ತು, ಇನ್ನು ನಮ್ಮ ಮಕ್ಕಳದ್ದು ಕೆಡುವುದಿಲ್ಲವೇ?

ಉಡುಪಿ, ಮಂಗಳೂರಿನಲ್ಲಿ ಸ್ಪರ್ಧೆ ನಡೆಸುವವರಲ್ಲಿ ನನ್ನ ಕೇಳಿಕೆ ಇಷ್ಟೇ. ಮೊದಲ ಗುಂಡಿಗೆ ಮುಂಚೆ ಈ ನಿಯಮವನ್ನು ಕನ್ನಡದಲ್ಲಿ ಎರಡು ನಿಮಿಷ ಹೇಳಿ, ಕೈ ಎತ್ತುವುದು ಹೇಗೆಂದು ಒಮ್ಮೆ ತೋರಿಸಿಕೊಡಿ.

– ಶೂಟಿಂಗ್ ಹುಡುಗಿಯೊಬ್ಬಳ ಅಪ್ಪ, ಮಲ್ಪೆ