ಶಿಳ್ಳೆ ಹೊಡೆದದ್ದು ನೋಡಿದೆಯಾ?

ಶಿಡ್ಲಘಟ್ಟ
ಭಾನುವಾರ ರಾತ್ರಿ

ಪುಟ್ಟಿ,

ನೀನು ಮುದ್ದೆ ಮುರಿಯದೆ ಎದ್ದು ಹೋದೆ. ನಿಮ್ಮಮ್ಮ ತಟ್ಟೆ ತೆಗೆಯುವಷ್ಟರಲ್ಲಿ ಬಸ್ಸು ಹತ್ತಿದ್ದೆ. ಯಾರು ಏನಂದರು ಅಂತ ಮತ್ತೆ ಬರೆಯುವುದಿಲ್ಲ. ನನ್ನ ಒಂದು ಮಾತು ಮಾತ್ರ ವಾಪಸ್ ತಗೋಬೇಕು. ಮುಂಬೈನಲ್ಲಿ ಬಾಂಬ್ ಸ್ಫೋಟದ ಕಥೆಯ ಸಿನಿಮಾಕ್ಕೆ ಸಂಭಾಷಣೆ ಬರೆಯುವ ಕೆಲಸ ಸಿಕ್ಕಿತು ಅಂತ ನೀನು ಖುಷಿಯಿಂದ ಹೇಳಿದೆ. ನಾನು, "ಅದರಲ್ಲಿ ಬರೆಯೋಕೇನಿದೆ, ಬಾಂಬ್ ಇಡೋರು ಯಾರು ಅಂತ ಮಗುಗೂ ಗೊತ್ತು" ಅಂದುಬಿಟ್ಟೆ. ತಪ್ಪು ನನ್ನದೇ.

ಸಂಜೆ ಹುಳುಗಳಿಗೆ ಸೊಪ್ಪು ಹಾಕುವಾಗ ಬಾಷಾ ಮಾಮ ನೆನಪಾದ. ಅವನ ಬಗ್ಗೆ ನಿನಗೆ ಹೇಳದ ಒಂದು ಸಂಗತಿ ಇದೆ.

1999ನೇ ಇಸವಿ. ಅವನು ರೇಷ್ಮೆ ಮಾರಲು ಬೆಂಗಳೂರಿಗೆ ಹೊರಟಿದ್ದ. ನಾನೂ ಜೊತೆಗೆ ಹೋದೆ. ಕೆಲಸ ಮುಗಿಸಿ ಮೆಜೆಸ್ಟಿಕ್‌ನಲ್ಲಿ 'ಸರ್ಫರೋಶ್' ನೋಡಿದೆವು. ಗಜಲ್ ಹಾಡುವ ನಾಸಿರುದ್ದೀನ್ ಶಾ ಕೊನೆಗೆ ಗಡಿಯಾಚೆಯ ಬಂದೂಕಿನ ಜಾಲದವನು ಅಂತ ಗೊತ್ತಾಗುತ್ತದೆ. ಅದೇ ಸಿನಿಮಾದಲ್ಲಿ ಇನ್ಸ್‌ಪೆಕ್ಟರ್ ಸಲೀಂ ಇದ್ದಾನೆ. ತನ್ನ ಮೇಲೆ ನಂಬಿಕೆ ಇಲ್ಲವಲ್ಲ ಅಂತ ನೊಂದವನು. ಕೊನೆಯ ಹೊಡೆದಾಟಕ್ಕೆ ಥಿಯೇಟರ್ ಪೂರ್ತಿ ಶಿಳ್ಳೆ. ಬಾಷಾನೂ ಹೊಡೆದ, ನನಗಿಂತ ಜೋರಾಗಿ. ಆಚೆ ಬಂದು ಟೀ ಕುಡಿಯುವಾಗ ಮೆಲ್ಲಗೆ ಕೇಳಿದ: "ನಾನೂ ಶಿಳ್ಳೆ ಹೊಡೆದೆ. ನೋಡಿದೆಯಾ?"

"ನೋಡಿದೆ ಬಿಡೋ" ಅಂದೆ. ಬಸ್ಸಿಗೆ ಹೊತ್ತಾಗಿತ್ತು.

ಯಾಕೆ ಕೇಳಿದ? ನಾನು ಯಾವತ್ತೂ ಯಾರಿಗೂ ಹಾಗೆ ಕೇಳಿಲ್ಲ. ಶಿಳ್ಳೆ ಹೊಡೆಯದಿದ್ದರೆ ಪಕ್ಕದವರು ಏನಂದುಕೊಳ್ಳುತ್ತಾರೋ ಅಂತ ಅಷ್ಟು ಹೊತ್ತೂ ಕೂತಿದ್ದನಾ? ನಾನು ಪರದೆ ನೋಡುತ್ತಿದ್ದಾಗ ಅವನು ಜನರ ಮುಖ ನೋಡುತ್ತಿದ್ದನಾ? ಅವನ ಪಕ್ಕದಲ್ಲಿ ಕೂತಿದ್ದವನು ನಾನೇ ಅಲ್ವಾ? ಇಷ್ಟು ವರ್ಷ ಆಯಿತು, ಮಾರ್ಕೆಟ್ಟಿನಲ್ಲಿ ಗೂಡು ಸುರಿಯುವಾಗೆಲ್ಲ ಕೇಳೋಣ ಅಂದುಕೊಳ್ಳುತ್ತೇನೆ. ಬಾಯಿ ಬರುವುದಿಲ್ಲ.

ಟಿವಿಯಲ್ಲಿ 'ಮುಲ್ಕ್' ಸಿನಿಮಾ ನೋಡುವಾಗ ನಾನು ನಡುವೆ ಎದ್ದು ಹೋದೆನಲ್ಲ, ಬೋರಾಯ್ತಾ ಅಂತ ನೀನು ಕೇಳಿದೆ. ಅದರಲ್ಲಿ ಕಾಶಿಯ ವಕೀಲ ಮುರಾದ್ ಅಲಿಯ ತಮ್ಮನ ಮಗ ಬಾಂಬ್ ಇಟ್ಟವನು. ಅವನ ಹೆಣವೂ ಬೇಡ ಅಂದ ಮನೆ ಅದು. ಆದರೂ ಆ ಮುದುಕ ಕೋರ್ಟಿನಲ್ಲಿ ನಿಂತು ದೇಶದ ಮೇಲಿನ ಪ್ರೀತಿಗೆ ಸಾಕ್ಷಿ ಕೊಡಬೇಕು. ನನಗೆ ಆ ಶಿಳ್ಳೆ ಕೇಳಿಸಿತ್ತು ಕಣಮ್ಮ.

ಹಾಗಂತ ನೀನು ಸುಳ್ಳು ಬರೆಯಬೇಡ. 1993ರ ಮಾರ್ಚ್ 12ರಂದು ಮುಂಬೈನ ಬಾಂಬ್ ಸ್ಫೋಟಗಳಲ್ಲಿ 257 ಜನ ಸತ್ತರು. ಕೊಂದವರನ್ನು ಒಳ್ಳೆಯವರು ಮಾಡಿದರೆ ಸತ್ತವರಿಗೆ ಅನ್ಯಾಯ. ಆ ಸ್ಫೋಟಗಳ ಮೇಲೆ ಬಂದ ಸಿನಿಮಾ 'ಬ್ಲ್ಯಾಕ್ ಫ್ರೈಡೇ' ಇನ್ನೊಂದು ಸಲ ನೋಡು. ಬಾಂಬ್ ಇಟ್ಟವರು, ಅದಕ್ಕೂ ಮೊದಲಿನ ಗಲಭೆ, ಲಂಚ ತಿಂದು ಸ್ಫೋಟಕದ ಮಾಲು ಒಳಗೆ ಬಿಟ್ಟವರು, ಲಾಕಪ್ಪಿನ ಹೊಡೆತ, ಅನುರಾಗ್ ಕಶ್ಯಪ್ ಯಾವುದನ್ನೂ ಮುಚ್ಚಿಲ್ಲ. ಗುಲ್ಜಾರ್ 1996ರಲ್ಲೇ 'ಮಾಚಿಸ್' ಮಾಡಿ, ಪಂಜಾಬಿನ ಸಾಧಾರಣ ಹುಡುಗರು ಬಂದೂಕು ಹಿಡಿದದ್ದು ಹೇಗೆ ಅಂತ ತೋರಿಸಿದರು. ಎಷ್ಟೋ ಸಿನಿಮಾಗಳಿಗೆ ಅಷ್ಟು ತಾಳ್ಮೆ ಇಲ್ಲ. ಕಣ್ಣಿಗೆ ಸುರ್ಮಾ, ತಲೆಗೆ ಟೋಪಿ, ಹಿಂದೆ ಮಸೀದಿಯ ಕೂಗು ಹಾಕಿದರೆ ಮುಗಿಯಿತು. ಮಧ್ಯಾಹ್ನ ನಾನು ಅಂದದ್ದೂ ಅಲ್ಲಿಂದ ಕಲಿತ ಮಾತೇ.

ಭಯವೂ ಇದೆ. 'ಬ್ಲ್ಯಾಕ್ ಫ್ರೈಡೇ' ಕೋರ್ಟಿನಲ್ಲಿ ಸಿಕ್ಕಿಕೊಂಡು 2007ರಲ್ಲಿ ತೆರೆಗೆ ಬಂತು. ನಿನ್ನ ಮೇಲೆ ಯಾರಾದರೂ ಕೇಸು ಹಾಕಿದರೆ? ಮೊಬೈಲಿನಲ್ಲಿ ಬಾಯಿಗೆ ಬಂದಂತೆ ಬೈದರೆ? ಅಂಥದ್ದೆಲ್ಲ ಬರೆಯಬೇಡ ಅನ್ನೋಣ ಅನ್ನಿಸುತ್ತದೆ. ಇಲ್ಲ, ಬರೆ. ನಮ್ಮ ಮನೆಯಲ್ಲಿ ಇಷ್ಟು ದೂರ ಹೋದವರು ಯಾರಿದ್ದಾರೆ? ಪರದೆ ಮೇಲೆ ನಿನ್ನ ಹೆಸರು ಬಂದ ದಿನ ಬಾಷಾ ಮಾಮನನ್ನು ಕರೆದುಕೊಂಡು ಹೋಗುತ್ತೇನೆ. ಅವನು ಶಿಳ್ಳೆ ಹೊಡೆಯದೆ, ಯಾರ ಮುಖವನ್ನೂ ನೋಡದೆ, ಸುಮ್ನೆ ಕೂತು ನೋಡುವ ಹಾಗೆ ಬರೆ.

ಬುಧವಾರ ಉದ್ಯಾನ್ ಎಕ್ಸ್‌ಪ್ರೆಸ್ ತಾನೇ? ಅಮ್ಮ ಹುರಿಟ್ಟು ಮಾಡಿಟ್ಟಿದ್ದಾಳೆ. ಸ್ಟೇಷನ್ನಿಗೆ ನಾನು ತಂದುಕೊಡಲಾ?

ನಿನ್ನ ಅಪ್ಪ