ಮೇಕೆ ರೊಪ್ಪದ ಹುಡುಗ್ರಿಗೆ ಸೀಟು ಸಿಕ್ತು, ಥ್ಯಾಂಕ್ಸ್ ಹೇಳೋದು ಬಾಕಿ ಇತ್ತು

ಮೇಕೆ ಸಾಕಿ ಮಾರೋ ನಮ್ಮ ರೊಪ್ಪದ ಇಬ್ರು ಹುಡುಗ್ರಿಗೆ ಕೋನೇಹಳ್ಳಿ ಪಶುಸಂಗೋಪನಾ ಪಾಲಿಟೆಕ್ನಿಕ್‌ನಲ್ಲಿ ಡಿಪ್ಲೊಮಾ ಸೀಟು ಸಿಕ್ಕಿದೆ. ಎಸ್ಸೆಸ್ಸೆಲ್ಸಿ ಆದ್ಮೇಲೆ 2 ವರ್ಷದ ಕೋರ್ಸು, ಬೀದರ್ ಪಶು ವಿಶ್ವವಿದ್ಯಾಲಯದ್ದು. ಫೋನ್ ಮಾಡಿದವ್ರೆಲ್ಲ ನಂಗೇ ಕಂಗ್ರಾಟ್ಸ್ ಹೇಳ್ತಿದೀರ, ಆದ್ರೆ ಅದು ಸೇರ್ಬೇಕಾದವ್ರು ಬೇರೆ ಇದಾರೆ, ಅದಕ್ಕೇ ಕೂತು ಬರೀತಿದೀನಿ.

ಈ ಹುಡುಗ್ರು ಗೊತ್ತಿಲ್ದವ್ರಿಗೆ ಹೇಳ್ಬೇಕಂದ್ರೆ, ಒಂಬತ್ತನೇ ಕ್ಲಾಸಿಗೇ ಸ್ಕೂಲ್ ಬಿಟ್ಟೋ, ಮ್ಯಾಥ್ಸಲ್ಲಿ ಡುಮ್ಕಿ ಹೊಡ್ದೋ ತಿಪಟೂರು ಸುತ್ತ ಕಾಯಿ ಸುಲಿಯೋ ಕೂಲಿಗೆ ಹೋಗ್ತಿದ್ದವ್ರು, ಕೂಲಿ ಇಲ್ದಿದ್ದಾಗ ಬಸ್‌ಸ್ಟಾಂಡ್ ಕಟ್ಟೆ ಮೇಲೆ ಕೂತಿರೋರು, ಊರಲ್ಲಿ ಪಂಪ್‌ಸೆಟ್ ಕೇಬಲ್ ಕಳುವಾದ್ರೂ ಮೊದ್ಲು ಇವ್ರ ಮನೆ ಬಾಗಿಲಿಗೇ ಜನ ಹೋಗೋರು.

ಮೊದಲ್ನೇ ಥ್ಯಾಂಕ್ಸು ತೋಟದ ಮನೆ ಅಜ್ಜಿಗೆ. ಹಳೇ ಕೊಬ್ಬರಿ ಅಟ್ಟ ಬಿಚ್ಕೊಂಡು ಹೋಗಿ ಅಂದ್ರು, ದುಡ್ಡು ಕೇಳ್ಲಿಲ್ಲ. ಆ ಅಡಿಕೆ ದಬ್ಬೆಗಳನ್ನೇ ಬೆರಳು ಸಂದು ಬಿಟ್ಟು ನೆಲದಿಂದ ಎತ್ತರಕ್ಕೆ ಹೊಡ್ದು ಮೇಕೆಗಳಿಗೆ ಹಾಸು ಮಾಡಿದ್ವಿ, ಪಿಚ್ಕೆ ಗಂಜಲ ಎಲ್ಲ ಕೆಳಗಿಳಿಯುತ್ತೆ, ಗೊರಸು ಒಣಗಿರುತ್ತೆ. ಜೊತೆಗೆ "ಕಳ್ಳ್‌ನನ್ ಮಕ್ಳಾ, ಗಿಡಕ್ಕೆ ಬಾಯಿ ಹಾಕ್ಸಿದ್ರೆ ಕಾಲ್ ಮುರೀತೀನಿ" ಅಂತ ಬೈಗುಳಾನೂ ಫ್ರೀ ಕೊಟ್ರು. ಅಗಸೆ ಸೊಪ್ಪು ಮಾತ್ರ ಇವತ್ಗೂ ಅವ್ರ ತೋಟದಿಂದ್ಲೇ ಬರುತ್ತೆ.

ಎರಡ್ನೇದು ನಮ್ಮ ಪಶು ಆಸ್ಪತ್ರೆ ಡಾಕ್ಟ್ರಿಗೆ. ಇಂಜೆಕ್ಷನ್ ಮುಟ್ಟಂಗಿಲ್ಲ, ಔಷಧಿ ಅಂಗಡಿಯಿಂದ ನೀವಾಗೇ ತಂದು ಕುಡಿಸಂಗಿಲ್ಲ, ನೋಡೋದು ಮಾತ್ರ ಕಲೀರಿ ಅಂತ ಖಡಕ್ಕಾಗಿ ಹೇಳಿಬಿಟ್ರು. ಹುಡುಗ್ರಿಗೆ ಮೊದ್ಲು ಬೇಜಾರೇ ಆಯ್ತು. ಆದ್ರೆ ಆ ನೋಡೋದ್ರಲ್ಲೇ ಎಲ್ಲ ಇತ್ತು ಸಾರ್. ಮೇಕೆ ತಲೆ ಕಂಕುಳಲ್ಲಿ ಅಮುಕ್ಕೊಂಡು ಹೆಬ್ಬೆರಳಲ್ಲಿ ಕೆಳಗಿನ ರೆಪ್ಪೆ ಇಳಿಸಿದ್ರೆ ಒಳಗೆ ಕೆಂಪಗಿರ್ಬೇಕು, ಬೆಳ್ಳಗೆ ಬಿಳುಚಿಕೊಂಡಿದ್ರೆ ರಕ್ತ ಹೀರೋ ಜಂತುಹುಳ ಇರ್ಬೋದು. ಈಗ ಯಾರದ್ದೇ ಮೇಕೆ ದಾರೀಲಿ ಸಿಕ್ಲಿ ಇವ್ರು ರೆಪ್ಪೆ ಇಳಿಸ್ದೆ ಬಿಡಲ್ಲ, ನಂದೂ ಇಳಿಸಿ ನೋಡಿ "ಐರನ್ ಮಾತ್ರೆ ತಗೊಳ್ಳಿ ಮೇಡಂ" ಅಂದಿದಾನೆ ಒಬ್ಬ!

ಊರಲ್ಲಿ ದನ-ಮೇಕೆ ಸಾಕೋರಿಗೆ ನೆರವಾಗೋ ಟ್ರೈನಿಂಗ್ ಪಡೆದ ಪಶುಸಖಿ ಅಕ್ಕನ್ನ ಮರೆತ್ರೆ ನಾನು ಮನುಷ್ಯಳಲ್ಲ. ಮಳೆಗಾಲದ ಒಂದು ರಾತ್ರಿ ಎರಡು ಮರಿ ಹಾಕಿದ ಮೇಕೆ ಒಂದನ್ನ ಹತ್ರಾನೇ ಸೇರಿಸ್ಲಿಲ್ಲ. ಯಾರ ಜೊತೇನೂ ನಾಲ್ಕು ಮಾತಾಡ್ದೇ ಇದ್ದ ಹುಡುಗ ಫೋನಲ್ಲಿ ಅಕ್ಕ ಹೇಳ್ದಂಗೇ ಗೋಣಿಚೀಲದಲ್ಲಿ ಮರಿ ಮೈ ಉಜ್ಜಿ, ಗಿಣ್ಣು ಹಾಲು ಕರೆದು ಬಾಟ್ಲಿಲಿ ಕುಡಿಸ್ದ. ಬೆಳಗಾಗೋದ್ರೊಳಗೆ ಎಷ್ಟ್ ಸಲ ಕುಡಿಸ್ದ ಅಂತ ರಿಜಿಸ್ಟರ್‌ನಲ್ಲಿ ಟೈಮ್ ಸಮೇತ ಬರ್ದಿದ್ದ. ಸೀಟು ಸಿಕ್ಕಿರೋ ಇಬ್ರಲ್ಲಿ ಅವ್ನೊಬ್ಬ.

ಇನ್ನು ವ್ಯಾಪಾರಿ ಭಾಯಿ. ನಾವು ಸಾಕೋದು ಮಾರೋಕೇ, ಅದನ್ನ ಮುಚ್ಚಿಡೋಕಾಗಲ್ಲ, ಬಕ್ರೀದ್ ಮುಂಚೆ ಹೋತ ಗಾಡಿ ಹತ್ತಿದ ದಿನ ಇಬ್ರು ಹುಡುಗ್ರು ಊಟ ಬಿಟ್ರು. ಭಾಯಿ ಕಣ್ಣಂದಾಜಲ್ಲಿ ರೇಟ್ ಕಟ್ಟದೆ ತೂಕದ ಮಿಷಿನ್ ತಂದು, ಹುಡುಗ್ರ ಕೈಲೇ ತೂಗಿಸಿ, ಲೆಕ್ಕ ಹಾಕಿಸಿ ದುಡ್ಡು ಎಣಿಸಿ ಕೊಟ್ರು. ಮ್ಯಾಥ್ಸಲ್ಲಿ ಫೇಲಾದವ್ನು ಲೆಕ್ಕದಲ್ಲಿ ಅವ್ರದ್ದೇ ತಪ್ಪು ಹಿಡ್ದ, ಅವ್ರು ನಕ್ಕು ಇನ್ನೂರು ರೂಪಾಯಿ ಜಾಸ್ತಿ ಇಟ್ರು. ಆಮೇಲೆ ಸಂಜೆ ಹೊತ್ತು ಬಂದು ಪಾಠ ಹೇಳಿ ಪರೀಕ್ಷೆ ಪಾಸ್ ಮಾಡಿಸಿದ ರಿಟೈರ್ಡ್ ಮೇಷ್ಟ್ರಿಗೆ ನಮಸ್ಕಾರ, ಕಾಫಿಗೂ ಕಾಸು ತಗೊಳ್ಳಲಿಲ್ಲ ಅವ್ರು.

ಸರ್ಟಿಫಿಕೇಟಿಗೆ ಅಲೆದಾಡ್ಸಿ "ಮೇಕೆ ಕಾಯೋಕೂ ಡಿಪ್ಲೊಮಾ ಬೇಕೇನ್ರೋ" ಅಂದ ಆಫೀಸಿನವ್ರಿಗೂ ಒಂದು ಥ್ಯಾಂಕ್ಸ್ ಇರ್ಲಿ, ಹುಡುಗ್ರು ಅವತ್ತೇ ಹಠ ಹಿಡಿದಿದ್ದು.

ಉಳಿದ ಹುಡುಗ್ರು ರೊಪ್ಪದಲ್ಲೇ ಇದಾರೆ, ಹೊಸಬ್ರೂ ಬಂದಿದಾರೆ. ಬರೋ ಶನಿವಾರ ಬೆಳಗ್ಗೆ ಮೂರು ತಿಂಗಳು ದಾಟಿದ ಮರಿಗಳಿಗೆ ಡಾಕ್ಟ್ರು ಪಿಪಿಆರ್ (ಕುರಿ-ಮೇಕೆಗೆ ಬರೋ ಅಂಟುರೋಗ) ಲಸಿಕೆ ಹಾಕ್ತಾರೆ, ಮರಿ ಹಿಡಿಯೋಕೆ ಕೈ ಸಾಲಲ್ಲ, ಬಿಡುವಿದ್ದೋರು ಬನ್ನಿ, ಹಳೇ ಬಟ್ಟೆ ಹಾಕ್ಕೊಂಡು ಬನ್ನಿ.